ಬ್ಯಾಟರಿಯಿಂದ ಬೇಕಾದಷ್ಟೇ ಕರೆಂಟು: ಅಳೆದು ಹಿಡಿದಿಡುವ ಸರ್ಕ್ಯೂಟ್ ಕಟ್ಟುವ ಬಗೆ

ಯುಪಿಎಸ್‌ನಿಂದ ಹೊರತೆಗೆದ ಹಳೆಯ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಅದು 12.7 ವೋಲ್ಟ್ ಎಂದು ಆರೋಗ್ಯವಂತನ ಹಾಗೆ ತೋರಿಸುತ್ತದೆ. ಆದರೆ ಕರೆಂಟು ಹೋದ ಹತ್ತೇ ನಿಮಿಷಕ್ಕೆ ಯುಪಿಎಸ್ ಕೂಗಿಕೊಂಡು ನಿಂತುಬಿಡುತ್ತದೆ. ಬ್ಯಾಟರಿಯಲ್ಲಿ ನಿಜವಾಗಿ ಎಷ್ಟು ಉಳಿದಿದೆ ಎಂಬುದನ್ನು ವೋಲ್ಟೇಜ್ ಒಂದೇ ಹೇಳುವುದಿಲ್ಲ. ಗೊತ್ತಿರುವ ಪ್ರಮಾಣದ ಕರೆಂಟನ್ನು ಒಂದೇ ಸಮನೆ ಎಳೆದು, ಎಷ್ಟು ಗಂಟೆ ನಿಲ್ಲುತ್ತದೆ ಎಂದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಬಲ್ಬು ಹಚ್ಚಿ ನೋಡಿದರೆ ಸಾಲದು, ಏಕೆಂದರೆ ಬ್ಯಾಟರಿಯ ವೋಲ್ಟೇಜ್ ಇಳಿದ ಹಾಗೆ ಬಲ್ಬು ಎಳೆಯುವ ಕರೆಂಟೂ ಇಳಿಯುತ್ತದೆ. ಆಗ ಆಂಪಿಯರನ್ನು ಗಂಟೆಯಿಂದ ಗುಣಿಸುವ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ.

ಈ ಲೇಖನದಲ್ಲಿ ಕಟ್ಟಲಿರುವುದು ಅಂಥ ಕೆಲಸಕ್ಕೆ ಒದಗುವ ಸ್ಥಿರ ಪ್ರವಾಹದ ಲೋಡ್. ಒಂದು ಗುಂಡಿ ತಿರುಗಿಸಿ ಸೊನ್ನೆಯಿಂದ ಸುಮಾರು 1.8 ಆಂಪಿಯರ್‌ವರೆಗೆ ಯಾವುದೇ ಮೌಲ್ಯವನ್ನು ಹೊಂದಿಸಬಹುದು. ಬ್ಯಾಟರಿಯ ವೋಲ್ಟೇಜ್ ಏರಲಿ ಇಳಿಯಲಿ, ಸರ್ಕ್ಯೂಟ್ ಅಷ್ಟೇ ಕರೆಂಟನ್ನು ಎಳೆಯುತ್ತಿರುತ್ತದೆ. ಅಳತೆ ಮತ್ತು ನಿಯಂತ್ರಣ ಎರಡನ್ನೂ ಒಟ್ಟಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಸರ್ಕ್ಯೂಟ್ ನನಗೆ ಗೊತ್ತಿಲ್ಲ. ಇಲ್ಲಿನ ಎಲ್ಲ ಕೆಲಸವೂ 15 ವೋಲ್ಟಿನ ಒಳಗಿನ ಡಿಸಿ ವಿದ್ಯುತ್ತಿಗೆ ಮಾತ್ರ ಸೀಮಿತ. ಮನೆಯ 230 ವೋಲ್ಟ್ ಲೈನಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬಾರದು.

ಕೆಲಸ ಮಾಡುವ ಬಗೆ

ಕರೆಂಟನ್ನು ನೇರವಾಗಿ ಅಳೆಯುವುದಕ್ಕಿಂತ, ಅದನ್ನು ಗೊತ್ತಿರುವ ಒಂದು ಸಣ್ಣ ರೆಸಿಸ್ಟರಿನ ಮೂಲಕ ಹರಿಸಿ, ಅದರ ಎರಡು ತುದಿಗಳ ನಡುವೆ ಹುಟ್ಟುವ ವೋಲ್ಟೇಜನ್ನು ಅಳೆಯುವುದು ಸುಲಭ. ಈ ರೆಸಿಸ್ಟರಿಗೆ ಶಂಟ್ ಎಂದು ಹೆಸರು. ನಮ್ಮ ಶಂಟ್ 0.1 ಓಮ್. ಓಮ್ ನಿಯಮದ ಪ್ರಕಾರ ಅದರಲ್ಲಿ 1 ಆಂಪಿಯರ್ ಹರಿದರೆ 100 ಮಿಲಿವೋಲ್ಟ್ ಬರುತ್ತದೆ. ಸಾಧಾರಣ ಮಲ್ಟಿಮೀಟರಿನ 200 ಮಿಲಿವೋಲ್ಟ್ ರೇಂಜಿನಲ್ಲಿ 100.0 ಎಂದು ಕಂಡರೆ 1 ಆಂಪಿಯರ್, 35.0 ಎಂದು ಕಂಡರೆ 0.35 ಆಂಪಿಯರ್ ಎಂದು ಓದಿಕೊಳ್ಳಬಹುದು. ಬೇರೆ ಲೆಕ್ಕ ಬೇಡ.

ಇನ್ನು ನಿಯಂತ್ರಣ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ಫ್ಯೂಸ್ ದಾಟಿ ಮಾಸ್ಫೆಟ್ ಎಂಬ ಮೂರು ಕಾಲಿನ ಟ್ರಾನ್ಸಿಸ್ಟರಿನ ಡ್ರೇನ್ ಕಾಲಿಗೆ ಬಂದು, ಸೋರ್ಸ್ ಕಾಲಿನಿಂದ ಹೊರಟು, ಶಂಟ್ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುತ್ತದೆ. ಇಲ್ಲಿ ಮಾಸ್ಫೆಟ್ ಕೊಳಾಯಿಯ ನಲ್ಲಿಯಿದ್ದಂತೆ. ಮೂರನೆಯ ಕಾಲಾದ ಗೇಟಿನ ವೋಲ್ಟೇಜ್ ಏರಿದಷ್ಟೂ ಅದು ತೆರೆದುಕೊಳ್ಳುತ್ತದೆ. ಆ ನಲ್ಲಿಯನ್ನು ತಿರುಗಿಸುವ ಕೈ, ಎರಡು ವೋಲ್ಟೇಜುಗಳನ್ನು ಹೋಲಿಸಿ ನೋಡುವ ಐಸಿಯಾದ ಆಪ್-ಆಂಪ್. ಅದರ ಒಂದು ಪಿನ್ನಿಗೆ ನಾವು ಗುಂಡಿಯಿಂದ ಹೊಂದಿಸಿದ ವೋಲ್ಟೇಜ್, ಇನ್ನೊಂದಕ್ಕೆ ಶಂಟಿನ ವೋಲ್ಟೇಜ್ ಬರುತ್ತದೆ. ಶಂಟಿನ ವೋಲ್ಟೇಜ್ ಕಡಿಮೆಯಿದ್ದರೆ ಅದು ಗೇಟನ್ನು ಏರಿಸುತ್ತದೆ, ಹೆಚ್ಚಿದ್ದರೆ ಇಳಿಸುತ್ತದೆ. ಎರಡೂ ಸಮನಾದಲ್ಲಿ ನಿಲ್ಲುತ್ತದೆ. ಮಾಸ್ಫೆಟ್ ಬಿಸಿಯಾಗಿ ಅದರ ಗುಣ ಬದಲಾದರೂ ಆಪ್-ಆಂಪ್ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಶಂಟ್ ಸುಳ್ಳು ಹೇಳಿದರೆ ಆ ಸುಳ್ಳನ್ನು ಸರಿಪಡಿಸುವವರು ಈ ಸರ್ಕ್ಯೂಟಿನಲ್ಲಿ ಯಾರೂ ಇಲ್ಲ. ಆದುದರಿಂದ ಇಡೀ ಕೆಲಸದಲ್ಲಿ ಹೆಚ್ಚಿನ ತಾಳ್ಮೆ ಸಲ್ಲಬೇಕಾದದ್ದು ಆ 0.1 ಓಮ್ ರೆಸಿಸ್ಟರಿಗೆ.

ಬೇಕಾಗುವ ಸಾಮಾನು

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುತ್ತವೆ. ಎಲ್‌ಎಂ358 ಆಪ್-ಆಂಪ್ ಮತ್ತು ಅದಕ್ಕೆ ಎಂಟು ಪಿನ್ನಿನ ಸಾಕೆಟ್, ಐಆರ್‌ಎಫ್‌ಪಿ250ಎನ್ ಮಾಸ್ಫೆಟ್, ಸ್ಥಿರ ವೋಲ್ಟೇಜ್ ಕೊಡುವ ಟಿಎಲ್431 ರೆಫರೆನ್ಸ್, ಶಂಟಿಗಾಗಿ 1 ಓಮ್, ಶೇಕಡಾ 1 ಟಾಲರೆನ್ಸಿನ (ಬರೆದ ಮೌಲ್ಯಕ್ಕಿಂತ ಅಷ್ಟು ಹೆಚ್ಚು ಕಡಿಮೆ ಇರಬಹುದಾದ) ಕಾಲು ವ್ಯಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹತ್ತು, 100 ಓಮ್, 100 ಕಿಲೋ ಓಮ್, 120 ಕಿಲೋ ಓಮ್ ಮತ್ತು 270 ಕಿಲೋ ಓಮ್ ರೆಸಿಸ್ಟರ್ ಒಂದೊಂದು, 1 ಕಿಲೋ ಓಮ್ ಎರಡು, ತಿರುಗಿಸುವ ಗುಂಡಿಯಾಗಿ 10 ಕಿಲೋ ಓಮ್ ಪೊಟೆನ್ಷಿಯೊಮೀಟರ್, ಸಾಧ್ಯವಿದ್ದರೆ ಹತ್ತು ಸುತ್ತಿನದು, 10 ನ್ಯಾನೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್, 3 ಆಂಪಿಯರ್ ಫ್ಯೂಸ್ ಹಾಗೂ ಹೋಲ್ಡರ್, ಅಂಗೈ ಅಗಲದ, ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್, ಮೈಕಾ ಹಾಳೆ, ಥರ್ಮಲ್ ಪೇಸ್ಟ್, ಜನರಲ್ ಪರ್ಪಸ್ ಬೋರ್ಡ್, ಆಪ್-ಆಂಪಿಗೆ ವಿದ್ಯುತ್ ಕೊಡಲು 12 ವೋಲ್ಟಿನ ಸಣ್ಣ ಅಡಾಪ್ಟರ್. ಪರೀಕ್ಷೆಗೆಂದು ಕಾರಿನ ಇಂಡಿಕೇಟರ್ ದೀಪಕ್ಕೆ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬು ಒಂದನ್ನು ಆಟೋಮೊಬೈಲ್ ಅಂಗಡಿಯಿಂದ ತಂದಿಟ್ಟುಕೊಳ್ಳಿ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಮಾಸ್ಫೆಟ್ಟಿನ ಆಯ್ಕೆಯ ಬಗ್ಗೆ ಒಂದು ಮಾತು. ಅಂಗಡಿಯವರು ಐಆರ್‌ಎಫ್‌ಝಡ್44ಎನ್ ಕೊಡಬಹುದು. 49 ಆಂಪಿಯರ್ ಎಂದು ಬರೆದಿರುವುದರಿಂದ ಅದೇ ಹೆಚ್ಚು ಗಟ್ಟಿ ಎನಿಸಲೂಬಹುದು. ಆದರೆ ಅದನ್ನು ರೂಪಿಸಿರುವುದು ಪೂರ್ತಿ ತೆರೆದು ಪೂರ್ತಿ ಮುಚ್ಚುವ ಸ್ವಿಚ್ಚಿನ ಕೆಲಸಕ್ಕೆ. ನಮ್ಮ ಸರ್ಕ್ಯೂಟಿನಲ್ಲಿ ಮಾಸ್ಫೆಟ್ ಸದಾ ಅರ್ಧ ತೆರೆದೇ ಇದ್ದು, ಬ್ಯಾಟರಿಯ ಶಕ್ತಿಯನ್ನೆಲ್ಲ ತನ್ನ ಮೈಮೇಲೆ ಶಾಖವಾಗಿ ತೆಗೆದುಕೊಳ್ಳುತ್ತದೆ. ಐಆರ್‌ಎಫ್‌ಪಿ250ಎನ್‌ನ ಮೈ ದೊಡ್ಡದು. ಒಳಗಿನ ಶಾಖ ಹೊರ ಕವಚಕ್ಕೆ ಬರಲು ಅದರಲ್ಲಿ ವ್ಯಾಟಿಗೆ 0.7 ಡಿಗ್ರಿ ವ್ಯತ್ಯಾಸ ಸಾಕಾದರೆ, ಐಆರ್‌ಎಫ್‌ಝಡ್44ಎನ್‌ನಲ್ಲಿ ಅದು ಸುಮಾರು ಇಮ್ಮಡಿ. ಲೋಡ್ ಕಟ್ಟುವವರಿಗೆ ಬೇಕಾದ ಅಂಕಿ ಇದೇ ಹೊರತು ಆಂಪಿಯರ್ ಅಲ್ಲ.

ಮೊದಲು ಶಂಟ್

ಮಾರುಕಟ್ಟೆಯಲ್ಲಿ 0.1 ಓಮ್, 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಸಿಗುತ್ತದೆ. ಅದರ ಟಾಲರೆನ್ಸ್ ಸಾಮಾನ್ಯವಾಗಿ ಶೇಕಡಾ 5. ಅಷ್ಟು ಚಿಕ್ಕ ರೋಧವನ್ನು ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅಳೆದು ನೋಡೋಣವೆಂದರೆ ಅದೂ ಆಗದು. 200 ಓಮ್ ರೇಂಜಿನ ಕೊನೆಯ ಅಂಕಿಯೇ 0.1 ಓಮ್, ಪ್ರೋಬ್ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚು. ಹಾಗೆಂದು ತಾಮ್ರದ ತಂತಿಯ ತುಂಡನ್ನೇ ಶಂಟಾಗಿ ಬಳಸುವುದೂ ತಪ್ಪು. ಬಿಸಿ ಒಂದು ಡಿಗ್ರಿ ಏರಿದರೆ ತಾಮ್ರದ ರೋಧ ಶೇಕಡಾ 0.39ರಷ್ಟು ಏರುತ್ತದೆ, 30 ಡಿಗ್ರಿ ಬಿಸಿಯಾದರೆ ಅಳತೆಯಲ್ಲಿ ಸುಮಾರು ಶೇಕಡಾ 12ರಷ್ಟು ದೋಷ. ಎಡ್ವರ್ಡ್ ವೆಸ್ಟನ್ 1892ರಲ್ಲಿ ತಾಮ್ರಕ್ಕೆ ಮ್ಯಾಂಗನೀಸ್ ಮತ್ತು ನಿಕಲ್ ಬೆರೆಸಿ ಮ್ಯಾಂಗನಿನ್ ಎಂಬ ಮಿಶ್ರಲೋಹವನ್ನು ರೂಪಿಸಿದ್ದು ಈ ತೊಂದರೆಗೇ ಉತ್ತರವಾಗಿ. ಇಂದಿಗೂ ಒಳ್ಳೆಯ ಶಂಟ್‌ಗಳು ಅದರಿಂದಲೇ ಆಗುತ್ತವೆ.

ಮನೆಯಲ್ಲಿ ಕಟ್ಟುವವರಿಗೆ ಇದಕ್ಕಿಂತ ಅಗ್ಗದ ದಾರಿಯಿದೆ. ಹತ್ತು 1 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಪ್ಯಾರಲಲ್ಲಾಗಿ ಜೋಡಿಸಿದರೆ 0.1 ಓಮ್ ಆಗುತ್ತದೆ. ಒಂದು ಸ್ವಲ್ಪ ಹೆಚ್ಚು, ಇನ್ನೊಂದು ಸ್ವಲ್ಪ ಕಡಿಮೆಯಿದ್ದು ಅವುಗಳ ದೋಷಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೂ ಒಟ್ಟು ದೋಷ ಶೇಕಡಾ 1ನ್ನು ಮೀರದು. 2 ಆಂಪಿಯರ್ ಹರಿದಾಗ ಒಂದೊಂದರ ಪಾಲಿಗೆ ಬರುವುದು 0.2 ಆಂಪಿಯರ್, ಅಂದರೆ ಕೇವಲ 0.04 ವ್ಯಾಟ್, ಮುಟ್ಟಿದರೆ ಬೆಚ್ಚಗೂ ಇರುವುದಿಲ್ಲ.

ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಸಿಪ್ಪೆ ಸುಲಿದು, ಐದು ಸೆಂಟಿಮೀಟರಿನ ಎರಡು ತುಂಡುಗಳನ್ನು ನೇರ ಮಾಡಿ ಬೋರ್ಡಿನ ಮೇಲೆ ಅಕ್ಕಪಕ್ಕ ಇಡಿ. ಏಣಿಯ ಮೆಟ್ಟಿಲುಗಳ ಹಾಗೆ ಹತ್ತೂ ರೆಸಿಸ್ಟರುಗಳನ್ನು ಅವುಗಳ ನಡುವೆ ಕೂರಿಸಿ, ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ, ಬೆಸುಗೆ ಧಾರಾಳವಾಗಿ ಹರಿದು ಹೊಳೆಯುವ ಹಾಗೆ ಹಾಕಿ. ಕರೆಂಟಿನ ದಪ್ಪ ತಂತಿಯನ್ನು ಒಂದು ಪಟ್ಟಿಯ ಎಡ ತುದಿಗೂ ಇನ್ನೊಂದರ ಬಲ ತುದಿಗೂ ಬೆಸೆಯಬೇಕು. ಆಗ ಯಾವ ರೆಸಿಸ್ಟರಿನ ಮೂಲಕ ಹೋದರೂ ಕರೆಂಟು ತಾಮ್ರದಲ್ಲಿ ಸಾಗುವ ದೂರ ಒಂದೇ ಆಗಿ, ಹತ್ತರಲ್ಲೂ ಪಾಲು ಸಮನಾಗಿ ಹಂಚಿಹೋಗುತ್ತದೆ.

ಅಳತೆಯ ತಂತಿಗಳನ್ನು ಮಾತ್ರ ಈ ತುದಿಗಳಿಂದ ತೆಗೆಯಬಾರದು. ಎರಡೂ ಪಟ್ಟಿಗಳ ಸರಿಯಾದ ನಡುಭಾಗದಿಂದ ಬೇರೆಯೇ ಎರಡು ಸಣ್ಣ ತಂತಿಗಳನ್ನು ತೆಗೆದು ಮೀಟರಿಗೂ ಆಪ್-ಆಂಪಿಗೂ ಒಯ್ಯಬೇಕು. ಇದಕ್ಕೆ ಕೆಲ್ವಿನ್ ಸಂಪರ್ಕ ಎನ್ನುತ್ತಾರೆ. ನಾನು ಮೊದಲ ಸಲ ಈ ಸರ್ಕ್ಯೂಟ್ ಕಟ್ಟಿದಾಗ ಇದನ್ನು ಕಡೆಗಣಿಸಿ, ಶಂಟಿನ ಎರಡೂ ಕಡೆ ಹತ್ತು ಹತ್ತು ಸೆಂಟಿಮೀಟರ್ ದೂರದಲ್ಲಿದ್ದ ಸ್ಕ್ರೂ ಟರ್ಮಿನಲ್ಲಿಗೆ ಮೀಟರ್ ಹಾಕಿದ್ದೆ. ಸರಣಿಯಲ್ಲಿಟ್ಟ ಇನ್ನೊಂದು ಮೀಟರ್ 1.00 ಆಂಪಿಯರ್ ಎನ್ನುತ್ತಿದ್ದರೆ ಇದು ಮಾತ್ರ 107 ಮಿಲಿವೋಲ್ಟ್ ತೋರಿಸುತ್ತಿತ್ತು. ಶಂಟ್ ಕೆಟ್ಟಿದೆಯೆಂದು ಎರಡು ಸಂಜೆ ಕಳೆದ ಮೇಲೆ ತಂತಿಯ ಲೆಕ್ಕ ಹಾಕಿದೆ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 34 ಮಿಲಿಓಮ್. 20 ಸೆಂಟಿಮೀಟರಿಗೆ ಸುಮಾರು 7 ಮಿಲಿಓಮ್. ನೂರು ಮಿಲಿಓಮಿನ ಶಂಟಿಗೆ ಅಷ್ಟು ತಂತಿಯೂ ಸೇರಿಕೊಂಡು ಶೇಕಡಾ 7ರ ತಪ್ಪು ಬಂದಿತ್ತು. ಮೀಟರಿನ ತಂತಿಗಳನ್ನು ಪಟ್ಟಿಯ ನಡುವಿಗೆ ಸರಿಸಿದೆ, ತಪ್ಪು ಹೋಯಿತು.

ನಿಯಂತ್ರಣದ ಭಾಗ

ಶಂಟಿನ ಕೆಳಪಟ್ಟಿಯ, ಅಂದರೆ ಬ್ಯಾಟರಿಯ ಮೈನಸ್ ಕಡೆಯ ಪಟ್ಟಿಯ, ನಡುಭಾಗವೇ ಇಡೀ ಸರ್ಕ್ಯೂಟಿನ ಸೊನ್ನೆ. ಆಪ್-ಆಂಪಿನ 4ನೇ ಪಿನ್, ರೆಫರೆನ್ಸಿನ ಆನೋಡ್, ಪೊಟೆನ್ಷಿಯೊಮೀಟರಿನ ಕೆಳತುದಿ, ಅಡಾಪ್ಟರಿನ ಮೈನಸ್, ಇವೆಲ್ಲ ತಮ್ಮ ತಮ್ಮ ತಂತಿಯಲ್ಲಿ ಅಲ್ಲಿಗೇ ಬಂದು ಸೇರಬೇಕು. ಬ್ಯಾಟರಿಗೆ ಮರಳುವ ದಪ್ಪ ತಂತಿಯ ಮೇಲೆ ಎಲ್ಲಿಯೋ ಒಂದು ಕಡೆ ಇವನ್ನು ಬೆಸೆದರೆ, ಆ ತಂತಿಯಲ್ಲಿ ಹುಟ್ಟುವ ಕೆಲವು ಮಿಲಿವೋಲ್ಟುಗಳು ನಮ್ಮ ಸೂಕ್ಷ್ಮ ಅಳತೆಯೊಳಗೆ ಬೆರೆತುಬಿಡುತ್ತವೆ.

ಅಡಾಪ್ಟರಿನ ಪ್ಲಸ್ಸನ್ನು ಆಪ್-ಆಂಪಿನ 8ನೇ ಪಿನ್ನಿಗೆ ಕೊಟ್ಟು, 8 ಮತ್ತು 4ರ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಸಾಕೆಟ್ಟಿಗೆ ಒತ್ತಿಕೊಂಡಂತೆ ಹಾಕಿ. ಅದೇ ಪ್ಲಸ್ಸಿನಿಂದ 1 ಕಿಲೋ ಓಮ್ ಮೂಲಕ ಟಿಎಲ್431ರ ಕ್ಯಾಥೋಡಿಗೆ ಹೋಗಿ, ಅದರ ರೆಫರೆನ್ಸ್ ಪಿನ್ನನ್ನು ಕ್ಯಾಥೋಡಿಗೇ ಜೋಡಿಸಿದರೆ ಅಲ್ಲಿ ಸ್ಥಿರವಾದ 2.5 ವೋಲ್ಟ್ ನಿಲ್ಲುತ್ತದೆ. ಅಡಾಪ್ಟರಿನ ವೋಲ್ಟೇಜ್ ಅಲ್ಲಾಡಿದರೂ ಇದು ಅಲ್ಲಾಡುವುದಿಲ್ಲ. ಈ 2.5 ವೋಲ್ಟಿನಿಂದ 120 ಕಿಲೋ ಓಮ್ ಮೂಲಕ ಪೊಟೆನ್ಷಿಯೊಮೀಟರಿನ ಮೇಲ್ತುದಿಗೆ ಹೋದರೆ, ಗುಂಡಿಯ ನಡು ಪಿನ್ನಿನಲ್ಲಿ ಸೊನ್ನೆಯಿಂದ ಸುಮಾರು 0.19 ವೋಲ್ಟ್‌ವರೆಗೆ ಸಿಗುತ್ತದೆ. ಅದನ್ನು ಆಪ್-ಆಂಪಿನ 3ನೇ ಪಿನ್ನಿಗೆ ಕೊಡಿ. ಪೊಟೆನ್ಷಿಯೊಮೀಟರುಗಳ ಮೌಲ್ಯ ನಿಖರವಾಗಿರುವುದಿಲ್ಲವಾದ್ದರಿಂದ ಮೇಲಿನ ಮಿತಿ ತುಸು ಹೆಚ್ಚು ಕಡಿಮೆಯಾಗಬಹುದು. ನಾವು ಓದುವುದು ಶಂಟಿನ ಮೀಟರನ್ನು, ಗುಂಡಿಯ ಗೆರೆಗಳನ್ನಲ್ಲವಾದ್ದರಿಂದ ಅದರಿಂದ ತೊಂದರೆಯಿಲ್ಲ.

1ನೇ ಪಿನ್ನಿನಿಂದ 100 ಓಮ್ ಮೂಲಕ ಮಾಸ್ಫೆಟ್ಟಿನ ಗೇಟಿಗೆ, ಗೇಟಿನಿಂದ ಸೊನ್ನೆಗೆ 100 ಕಿಲೋ ಓಮ್. ಈ ಎರಡನೆಯದನ್ನು ಬಿಡಬೇಡಿ; ಅಡಾಪ್ಟರ್ ಆರಿದಾಗ ಗೇಟ್ ತೇಲಾಡುತ್ತ ಮಾಸ್ಫೆಟ್ ಅರೆ ತೆರೆದು ನಿಲ್ಲದಂತೆ ಅದು ಕಾಯುತ್ತದೆ. ಶಂಟಿನ ಮೇಲ್ಪಟ್ಟಿಯ ನಡುವಿನಿಂದ 1 ಕಿಲೋ ಓಮ್ ಮೂಲಕ 2ನೇ ಪಿನ್ನಿಗೆ, 1 ಮತ್ತು 2ರ ನಡುವೆ 10 ನ್ಯಾನೋಫ್ಯಾರಡ್. ಎಲ್‌ಎಂ358ರೊಳಗೆ ಇನ್ನೊಂದು ಆಪ್-ಆಂಪ್ ಖಾಲಿಯಿದೆ. ಅದನ್ನು ಹಾಗೇ ಬಿಡದೆ 6ನ್ನು 7ಕ್ಕೂ 5ನ್ನು ಸೊನ್ನೆಗೂ ಜೋಡಿಸಿ.

ಉಳಿದದ್ದು 270 ಕಿಲೋ ಓಮ್. ಅದನ್ನು 2.5 ವೋಲ್ಟಿನಿಂದ 2ನೇ ಪಿನ್ನಿಗೆ ಹಾಕಬೇಕು. ಯಾವ ಆಪ್-ಆಂಪಿಗೂ ತನ್ನೆರಡು ಪಿನ್ನುಗಳನ್ನು ಕರಾರುವಾಕ್ಕಾಗಿ ಸಮವೆಂದು ಕಾಣುವ ಶಕ್ತಿಯಿಲ್ಲ. ಎಲ್‌ಎಂ358ರಲ್ಲಿ ಈ ವ್ಯತ್ಯಾಸ 7 ಮಿಲಿವೋಲ್ಟಿನಷ್ಟಿರಬಹುದು, 0.1 ಓಮ್ ಶಂಟಿನಲ್ಲಿ ಅದು 70 ಮಿಲಿಆಂಪಿಯರ್. ಅಂದರೆ ಗುಂಡಿ ಸೊನ್ನೆಯಲ್ಲಿದ್ದರೂ ಸರ್ಕ್ಯೂಟ್ ಕರೆಂಟು ಬೇಡುತ್ತಿರಬಹುದು. ಬ್ಯಾಟರಿ ಇಲ್ಲದಾಗ ಬೇಡಿದ ಕರೆಂಟು ಸಿಗದೆ ಗೇಟ್ ಪೂರ್ತಿ ಮೇಲೇರಿ ನಿಲ್ಲುತ್ತದೆ. ಆಗ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ತೆರೆದ ಮಾಸ್ಫೆಟ್ಟಿನ ಮೂಲಕ ಕರೆಂಟು ನುಗ್ಗಿ ಕಿಡಿ ಹಾರುತ್ತದೆ. 270 ಕಿಲೋ ಓಮಿನ ಮೂಲಕ ಬರುವ ಸುಮಾರು 9 ಮೈಕ್ರೋಆಂಪಿಯರ್ 1 ಕಿಲೋ ಓಮಿನಲ್ಲಿ 9 ಮಿಲಿವೋಲ್ಟ್ ಹುಟ್ಟಿಸಿ, 2ನೇ ಪಿನ್ನನ್ನು ಅಷ್ಟು ಎತ್ತಿ ಹಿಡಿಯುತ್ತದೆ. ಗುಂಡಿ ಸೊನ್ನೆಯಲ್ಲಿದ್ದಾಗ ಮಾಸ್ಫೆಟ್ ಖಚಿತವಾಗಿ ಮುಚ್ಚಿರುತ್ತದೆ. ಅದಕ್ಕೆ ತೆರುವ ಬೆಲೆ ಗುಂಡಿಯ ಆರಂಭದ ಸ್ವಲ್ಪ ಸುತ್ತು ವ್ಯರ್ಥವಾಗುವುದು ಮಾತ್ರ.

ಶಾಖದ ಲೆಕ್ಕ

12.6 ವೋಲ್ಟ್ ಬ್ಯಾಟರಿಯಿಂದ 1.8 ಆಂಪಿಯರ್ ಎಳೆದರೆ ಸುಮಾರು 23 ವ್ಯಾಟ್. ಅದರಲ್ಲಿ ಮೂರನೆಯ ಒಂದು ವ್ಯಾಟಿನಷ್ಟು ಶಂಟಿಗೆ, ಉಳಿದದ್ದೆಲ್ಲ ಮಾಸ್ಫೆಟ್ಟಿಗೆ. ವ್ಯಾಟಿಗೆ 2 ಡಿಗ್ರಿ ಏರುವ ಹೀಟ್‌ಸಿಂಕ್ ಇದ್ದರೆ 30 ಡಿಗ್ರಿಯ ಕೋಣೆಯಲ್ಲಿ ಹೀಟ್‌ಸಿಂಕ್ 75 ಡಿಗ್ರಿ ಮುಟ್ಟುತ್ತದೆ. ಮಾಸ್ಫೆಟ್ಟಿನ ಒಳಗೆ ಸುಮಾರು 100. ಅದರ ಗರಿಷ್ಠ ಮಿತಿ 175 ಆದ್ದರಿಂದ ಅದಕ್ಕೆ ಅಪಾಯವಿಲ್ಲ, ಬೆರಳಿಗೆ ಇದೆ. ಮಾಸ್ಫೆಟ್ಟಿನ ಲೋಹದ ಬೆನ್ನು ಒಳಗೆ ಡ್ರೇನಿಗೆ, ಅಂದರೆ ಬ್ಯಾಟರಿಯ ಪ್ಲಸ್ಸಿಗೆ ಸೇರಿರುತ್ತದೆ. ನಡುವೆ ಮೈಕಾ ಹಾಳೆ ಇಟ್ಟು, ಅದರ ಎರಡೂ ಬದಿಗೆ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಿ ಬಿಗಿಯಿರಿ. ಬಿಗಿದ ಮೇಲೆ ಬೆನ್ನು ಮತ್ತು ಹೀಟ್‌ಸಿಂಕ್ ನಡುವೆ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ನೋಡಿಕೊಳ್ಳಿ.

ಮೊದಲ ಸಲ ಜೀವ ಕೊಡುವಾಗ

ಬ್ಯಾಟರಿಯನ್ನು ದೂರವಿಟ್ಟು ಅಡಾಪ್ಟರ್ ಮಾತ್ರ ಹಾಕಿ. ರೆಫರೆನ್ಸಿನಲ್ಲಿ 2.5 ವೋಲ್ಟ್ ಆಸುಪಾಸು ಇರಬೇಕು. ಗುಂಡಿ ಸೊನ್ನೆಯಲ್ಲಿದ್ದಾಗ 1ನೇ ಪಿನ್ ಸೊನ್ನೆಯ ಹತ್ತಿರವಿದ್ದು, ಗುಂಡಿ ಏರಿಸಿದೊಡನೆ ಹತ್ತು ವೋಲ್ಟ್ ದಾಟಬೇಕು. ಹಾಗಾಗದಿದ್ದರೆ 2 ಮತ್ತು 3ನೇ ಪಿನ್ನುಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಗುಂಡಿಯನ್ನು ಮತ್ತೆ ಸೊನ್ನೆಗೆ ತಂದು, ಬ್ಯಾಟರಿ ಮುಟ್ಟುವ ಮೊದಲು ಕೈಯ ಉಂಗುರ, ಬಳೆ ತೆಗೆದಿಡಿ. 7 ಆಂಪಿಯರ್-ಗಂಟೆಯ ಬ್ಯಾಟರಿಯೂ ಶಾರ್ಟ್ ಆದರೆ ನೂರು ಆಂಪಿಯರ್ ಆಸುಪಾಸು ಕೊಟ್ಟೀತು. ಈಗ 21 ವ್ಯಾಟಿನ ಬಲ್ಬನ್ನು ಬ್ಯಾಟರಿಯ ಪ್ಲಸ್ ಮತ್ತು ಫ್ಯೂಸಿನ ನಡುವೆ ಸರಣಿಯಲ್ಲಿ ಹಾಕಿ. ಎಲ್ಲಿಯಾದರೂ ತಪ್ಪು ಬೆಸುಗೆಯಿದ್ದರೆ ಬಲ್ಬು ಉರಿದು ತೋರಿಸುತ್ತದೆ, ಕರೆಂಟು 1.75 ಆಂಪಿಯರಿನ ಆಸುಪಾಸಿನಲ್ಲೇ ನಿಲ್ಲುವುದರಿಂದ ಏನೂ ಸುಡುವುದಿಲ್ಲ. ಬಲ್ಬು ಆರಿಯೇ ಇದ್ದರೆ ಶಂಟಿನ ಮೀಟರನ್ನು ನೋಡುತ್ತ ಗುಂಡಿಯನ್ನು ಮೆಲ್ಲಗೆ ತಿರುಗಿಸಿ 50.0ಕ್ಕೆ ನಿಲ್ಲಿಸಿ. ಬಲ್ಬು ಮಂಕಾಗಿ ಕೆಂಪಗೆ ಕಾಣುತ್ತದೆ. ಈಗ ಒಂದು ತಂತಿಯ ತುಂಡಿನಿಂದ ಬಲ್ಬಿನ ಎರಡು ತುದಿಗಳನ್ನು ಕೂಡಿಸಿ. ಬಲ್ಬು ಆರಿತು, ಮಾಸ್ಫೆಟ್ಟಿನ ಮೇಲೆ ವೋಲ್ಟೇಜ್ ಏರಿತು. ಆದರೆ ಮೀಟರಿನಲ್ಲಿ 50.0 ಹಾಗೇ ನಿಂತಿದೆ. ಸರ್ಕ್ಯೂಟ್ ಕರೆಂಟನ್ನು ಹಿಡಿದಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಎಷ್ಟು ಸಲ ನೋಡಿದರೂ ನನಗೆ ಇದು ಸಂತೋಷ ಕೊಡುವ ಗಳಿಗೆ.

ಅಂಕಿ ನಿಲ್ಲದೆ ಅಲೆದಾಡುತ್ತಿದ್ದರೆ ಸರ್ಕ್ಯೂಟ್ ಒಳಗೊಳಗೇ ಆಂದೋಲನಕ್ಕೆ ಬಿದ್ದಿರಬಹುದು. ಆಸಿಲೋಸ್ಕೋಪ್ ಇಲ್ಲದವರು ಮೀಡಿಯಂ ವೇವ್ ರೇಡಿಯೋ ತಂದು, ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸಿನಿಂದ ಆಚೆ ಈಚೆ ಯಾವ ನಿಲಯವೂ ಇಲ್ಲದ ಕಡೆ ಟ್ಯೂನ್ ಮಾಡಿ ಸರ್ಕ್ಯೂಟಿನ ಪಕ್ಕ ಇಡಬಹುದು. ಗುಂಡಿ ಏರಿಸಿದೊಡನೆ ಸಿಳ್ಳೆ ಅಥವಾ ಒರಟು ಗುಂಯ್‌ಗುಡುವಿಕೆ ಶುರುವಾದರೆ ಸಂಶಯ ನಿಜ. ಅಡಾಪ್ಟರಿನ ಗದ್ದಲ ಮೊದಲಿನಿಂದಲೂ ಇರುತ್ತದೆ, ಅದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಗೇಟಿಗೆ ಹೋಗುವ ತಂತಿ ಉದ್ದವಾಗಿರುವುದು, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸರಿಯಾಗಿ ಬೆಸೆದುಕೊಳ್ಳದಿರುವುದು, ಬ್ಯಾಟರಿಯ ತಂತಿಗಳು ಅಗಲವಾಗಿ ಹರಡಿಕೊಂಡಿರುವುದು, ಈ ಮೂರನ್ನು ಮೊದಲು ನೋಡಿ. ಬ್ಯಾಟರಿಯ ಎರಡು ತಂತಿಗಳನ್ನು ಹೆಣೆದುಬಿಟ್ಟರೆ ಎಷ್ಟೋ ಸಲ ಅಷ್ಟರಿಂದಲೇ ಶಾಂತವಾಗುತ್ತದೆ. ಇಡೀ ಸರ್ಕ್ಯೂಟನ್ನು ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದವರು ಇಲ್ಲಿ ಬಹಳ ಕಷ್ಟಪಡುತ್ತಾರೆ. ಆಂಪಿಯರ್ ಲೆಕ್ಕದ ಕರೆಂಟಿಗೆ ಅದರ ಕ್ಲಿಪ್ಪುಗಳು ಹೇಳಿ ಮಾಡಿಸಿದವಲ್ಲ.

ಮುಂದೆ ಕಂಪ್ಯೂಟರಿನಲ್ಲಿ ದಾಖಲಿಸುವ ಆಸೆಯುಳ್ಳವರು ಬ್ಯಾಟರಿಯ ಪ್ಲಸ್ ತಂತಿಯಲ್ಲಿ ಕರೆಂಟು ಅಳೆಯುವ ಐಎನ್‌ಎ219 ಮಾಡ್ಯೂಲನ್ನು ಸೇರಿಸಿ ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡಿನ ಮೂಲಕ ಓದಬಹುದು. 26 ವೋಲ್ಟ್‌ವರೆಗಿನ ಲೈನಿನಲ್ಲಿ ಅದು ಕೆಲಸ ಮಾಡುತ್ತದೆ. ಅದರ ಮೇಲೂ 0.1 ಓಮ್ ಶಂಟೇ ಇರುತ್ತದೆ. ಆದರೂ ನಿಯಂತ್ರಣದ ಸುತ್ತನ್ನು ಆಪ್-ಆಂಪಿಗೇ ಬಿಟ್ಟು, ಪ್ರೋಗ್ರಾಮಿನ ಕೆಲಸವನ್ನು ಬರೆದಿಡುವುದಕ್ಕೆ ಸೀಮಿತಗೊಳಿಸುವುದು ಲೇಸು. ಪ್ರೋಗ್ರಾಂ ಸಿಕ್ಕಿಕೊಂಡು ನಿಂತರೂ ಕರೆಂಟು ಕೈಮೀರುವುದಿಲ್ಲ.

ಬ್ಯಾಟರಿಯನ್ನು ಪರೀಕ್ಷೆಗೆ ಒಡ್ಡುವುದು

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಬಿಡಿಸಿ ಕೆಲವು ಗಂಟೆ ಸುಮ್ಮನೆ ಬಿಡಿ. ಅದರ ಮೇಲೆ ಬರೆದಿರುವ 7 ಆಂಪಿಯರ್-ಗಂಟೆ ಎಂಬುದು 20 ಗಂಟೆಗಳ ಲೆಕ್ಕ, 0.35 ಆಂಪಿಯರಿನಂತೆ ಎಳೆದು 10.5 ವೋಲ್ಟಿಗೆ ಇಳಿಯುವವರೆಗೆ. ಅಷ್ಟು ಹೊತ್ತು ಕಾಯಲಾಗದವರು ಮೀಟರನ್ನು 70.0ಕ್ಕೆ, ಅಂದರೆ 0.7 ಆಂಪಿಯರಿಗೆ ಹೊಂದಿಸಬಹುದು. ವೇಗವಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಒಟ್ಟಿನಲ್ಲಿ ಕೊಡುವುದು ಕಡಿಮೆಯಾದ್ದರಿಂದ, ಹೊಸ ಬ್ಯಾಟರಿಯೂ ಈ ದರದಲ್ಲಿ ಪೂರ್ತಿ ಹತ್ತು ಗಂಟೆ ನಿಲ್ಲದು ಎಂಬುದನ್ನು ನೆನಪಿಡಬೇಕು. ವೋಲ್ಟೇಜನ್ನು ಬ್ಯಾಟರಿಯ ಟರ್ಮಿನಲ್ಲಿನ ಮೇಲೆಯೇ ಎರಡನೆಯ ಮೀಟರಿನಿಂದ ಅಳೆದು, ಅರ್ಧ ಗಂಟೆಗೊಮ್ಮೆ ಗಡಿಯಾರದ ಹೊತ್ತಿನೊಂದಿಗೆ ಬರೆದುಕೊಳ್ಳಿ. 11.5 ವೋಲ್ಟಿಗಿಂತ ಕೆಳಗೆ ಬಂದ ಮೇಲೆ ಐದು ನಿಮಿಷಕ್ಕೊಮ್ಮೆ ನೋಡಬೇಕು, ಏಕೆಂದರೆ ಅಲ್ಲಿಂದ ಇಳಿತ ಕಡಿದಾಗಿರುತ್ತದೆ. ಈ ಸರ್ಕ್ಯೂಟ್ ತಾನಾಗಿ ನಿಲ್ಲುವುದಿಲ್ಲ, ಹಾಗಾಗಿ ಪರೀಕ್ಷೆಯನ್ನು ಹಚ್ಚಿಟ್ಟು ಮಲಗಲೂಬಾರದು.

10.5 ಮುಟ್ಟಿದೊಡನೆ ಗುಂಡಿಯನ್ನು ಸೊನ್ನೆಗೆ ತಂದು, ಬ್ಯಾಟರಿಯನ್ನು ಬಿಡಿಸಿ, ಆದ ಗಂಟೆಗಳನ್ನು 0.7ರಿಂದ ಗುಣಿಸಿ. ಮೂರು ಗಂಟೆಗೇ ಮುಗಿದಿದ್ದರೆ ಉಳಿದಿರುವುದು 2.1 ಆಂಪಿಯರ್-ಗಂಟೆ, ಅಂಥ ಬ್ಯಾಟರಿಯನ್ನು ಯುಪಿಎಸ್‌ಗೆ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೇ ಕೊಡಬೇಕು. ಇಟ್ಟುಕೊಳ್ಳಲು ತಕ್ಕದ್ದಾಗಿದ್ದರೆ ಅದನ್ನು ಮರುದಿನಕ್ಕೆ ಬಿಡದೆ ಆಗಲೇ ಚಾರ್ಜಿಗೆ ಹಾಕಿ. ಖಾಲಿಯಾಗಿ ಕುಳಿತ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಪೂರ್ತಿಯಾಗಿ ಬಿಡುವುದಿಲ್ಲ.